ಗಾಜಿನ ಬುರುಡೆಯೊಳಗೊಂದು ಕಾರ್ಯಾಗಾರ

ನಮ್ಮ ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ದ್ಯುತಿವಿದ್ಯುತ್ ಪರಿಣಾಮದ ಪಾಠವಿದೆ. ಅದರಲ್ಲಿ ಹರ್ಟ್ಸ್ ಬರುತ್ತಾರೆ, ಲೆನಾರ್ಡ್ ಬರುತ್ತಾರೆ, ಐನ್‌ಸ್ಟೈನ್ ಬರುತ್ತಾರೆ. ಕೊನೆಗೆ ಮಿಲಿಕನ್ ಎಂಬ ವಿಜ್ಞಾನಿಗೆ ಕೆಲವೇ ಸಾಲುಗಳು. ಐನ್‌ಸ್ಟೈನರ ಸಮೀಕರಣ ತಪ್ಪೆಂದು ತೋರಿಸಲು ಹೊರಟ ಇವರು ವರ್ಷಗಟ್ಟಲೆ ಪ್ರಯೋಗ ಮಾಡಿ, ಕೊನೆಗೆ ಅದು ಸರಿಯೆಂದೇ ತೋರಿಸಿದರು ಎಂದು ಅಲ್ಲಿದೆ. ಪರೀಕ್ಷೆಗೆ ಅಷ್ಟು ಸಾಕು. ನನಗೆ ಮಾತ್ರ ಸಾಕಾಗಲಿಲ್ಲ.

ಅದಕ್ಕೊಂದು ಕಾರಣವಿದೆ, ಹೇಳಲು ನಾಚಿಕೆಯೂ ಇದೆ. ಆ ವಾರವೇ ಪ್ರಯೋಗಾಲಯದಲ್ಲಿ ಓಮ್ ನಿಯಮದ ಪ್ರಯೋಗ ಮಾಡಿದ್ದೆ. ಗ್ರಾಫ್ ಹಾಳೆಯಲ್ಲಿ ಐದು ಬಿಂದುಗಳು ಸರಳ ರೇಖೆಯ ಮೇಲೆ ಕೂತವು, ಆರನೆಯದು ಕೂರಲಿಲ್ಲ. ನಾನು ರಬ್ಬರ್ ತೆಗೆದುಕೊಂಡು ಆ ಬಿಂದುವನ್ನು ರೇಖೆಯ ಮೇಲೆ ತಂದಿಟ್ಟೆ, ಪಟ್ಟಿಯಲ್ಲಿದ್ದ ಅಂಕಿಯನ್ನೂ ತಿದ್ದಿದೆ. ಉಪನ್ಯಾಸಕರು ರೆಕಾರ್ಡ್ ನೋಡಿದರು, ಬೈಯಲಿಲ್ಲ, ಇನ್ನೊಮ್ಮೆ ಮಾಡು ಎಂದಷ್ಟೇ ಹೇಳಿದರು. ಉತ್ತರ ಗೊತ್ತಿರುವ ಪ್ರಯೋಗದಲ್ಲೇ ನಾನು ಹೀಗೆ ಮಾಡಿದೆನಲ್ಲ, ತನಗೆ ಬೇಡದ ಉತ್ತರ ಬಂದಾಗ ಒಬ್ಬ ಮನುಷ್ಯ ಅದನ್ನು ಹೇಗೆ ಒಪ್ಪಿಕೊಂಡ ಎಂಬ ಪ್ರಶ್ನೆ ಮನಸ್ಸಿನಲ್ಲಿ ಕೂತಿತು. ಹಾಗೆ ನಾನು ರಾಬರ್ಟ್ ಆಂಡ್ರ್ಯೂಸ್ ಮಿಲಿಕನ್ ಅವರ ಜೀವನವನ್ನು ಓದತೊಡಗಿದೆ.

ಮಿಲಿಕನ್ ಹುಟ್ಟಿದ್ದು 1868ರ ಮಾರ್ಚ್ 22ರಂದು, ಅಮೆರಿಕದ ಇಲಿನಾಯ್ ರಾಜ್ಯದ ಮಾರಿಸನ್ ಎಂಬ ಸಣ್ಣ ಊರಿನಲ್ಲಿ. ತಂದೆ ಕ್ರೈಸ್ತ ಧರ್ಮೋಪದೇಶಕರು. ತಾಯಿ ಕಾಲೇಜು ಓದಿದವರು, ಮದುವೆಗೆ ಮುಂಚೆ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿನಿಯರ ಮೇಲ್ವಿಚಾರಕಿಯಾಗಿದ್ದವರು. ಮಗ ಬೆಳೆದದ್ದು ಐಯೊವಾ ರಾಜ್ಯದ ಮಕೊಕೆಟಾ ಎಂಬ ಊರಿನಲ್ಲಿ. ಮನೆಯಲ್ಲಿ ಹಣ ಹೆಚ್ಚಿರಲಿಲ್ಲ. ಶಾಲೆ ಮುಗಿದ ಮೇಲೆ ಸ್ವಲ್ಪ ಕಾಲ ನ್ಯಾಯಾಲಯದ ವರದಿಗಾರನಾಗಿ ಕೆಲಸ ಮಾಡಿ, 1886ರಲ್ಲಿ ಓಬರ್ಲಿನ್ ಕಾಲೇಜಿಗೆ ಸೇರಿದರು.

ಅಲ್ಲಿ ಅವರಿಗೆ ಇಷ್ಟವಾದ ವಿಷಯಗಳು ಗ್ರೀಕ್ ಭಾಷೆ ಮತ್ತು ಗಣಿತ. ಭೌತಶಾಸ್ತ್ರವಲ್ಲ! ಎರಡನೆಯ ವರ್ಷದ ಕೊನೆಗೆ ಗ್ರೀಕ್ ಪ್ರಾಧ್ಯಾಪಕರು ಕರೆದು, ಕೆಳತರಗತಿಯವರಿಗೆ ಭೌತಶಾಸ್ತ್ರ ಕಲಿಸಲು ಹೇಳಿದರು. ತನಗೆ ಆ ವಿಷಯ ಬಾರದೆಂದು ಹುಡುಗ ಹೇಳಿದ. ಗ್ರೀಕ್ ಚೆನ್ನಾಗಿ ಕಲಿತವನಿಗೆ ಭೌತಶಾಸ್ತ್ರ ಕಲಿಸುವುದು ಕಷ್ಟವಲ್ಲ ಎಂಬುದು ಪ್ರಾಧ್ಯಾಪಕರ ನಂಬಿಕೆ. ಮಿಲಿಕನ್ ಒಂದು ಪಠ್ಯಪುಸ್ತಕ ಹಿಡಿದುಕೊಂಡು ಬೇಸಿಗೆ ರಜೆಯಲ್ಲಿ ಕೂತು ಅದರ ಲೆಕ್ಕಗಳನ್ನೆಲ್ಲ ಬಿಡಿಸಲು ಹೊರಟರು. ಕಲಿಸಲೆಂದು ಕಲಿತದ್ದೇ ಅವರ ಬದುಕಿನ ದಾರಿಯಾಯಿತು. ಮೊದಲ ವರ್ಷದಲ್ಲಿ ಯಾವ ವಿಷಯ ತೆಗೆದುಕೊಳ್ಳುವುದೆಂದು ಚಿಂತೆ ಮಾಡುವ ನಮ್ಮ ತಮ್ಮ ತಂಗಿಯರು ಇದನ್ನು ನೆನಪಿಡಬಹುದು.

1891ರಲ್ಲಿ ಪದವಿ, 1895ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್. ಬಳಿಕ ಒಂದು ವರ್ಷ ಜರ್ಮನಿಯಲ್ಲಿ. ಆ ದಿನಗಳಲ್ಲೇ ರಾಂಟ್ಜೆನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದ ಸುದ್ದಿ ಬಂತು. ಭೌತಶಾಸ್ತ್ರದಲ್ಲಿ ಹೊಸದೇನೂ ಉಳಿದಿಲ್ಲ ಎಂದು ಕೆಲವರು ಭಾವಿಸಿದ್ದ ಕಾಲವದು. 1896ರಲ್ಲಿ ಪ್ರಸಿದ್ಧ ವಿಜ್ಞಾನಿ ಮೈಕೆಲ್ಸನ್ ಅವರ ಆಹ್ವಾನದಂತೆ ಮಿಲಿಕನ್ ಚಿಕಾಗೋ ವಿಶ್ವವಿದ್ಯಾಲಯಕ್ಕೆ ಸಹಾಯಕರಾಗಿ ಬಂದರು.

ಮುಂದಿನ ಹತ್ತು ಹನ್ನೆರಡು ವರ್ಷಗಳನ್ನು ಅವರು ಪಾಠ ಮಾಡುವುದರಲ್ಲಿ, ಪಠ್ಯಪುಸ್ತಕ ಬರೆಯುವುದರಲ್ಲಿ, ವಿದ್ಯಾರ್ಥಿಗಳಿಗೆ ಪ್ರಯೋಗಾಲಯ ಕಟ್ಟುವುದರಲ್ಲಿ ಕಳೆದರು. ಪುಸ್ತಕಗಳು ಚೆನ್ನಾಗಿ ಮಾರಾಟವಾದವು. 1902ರಲ್ಲಿ ಗ್ರೆಟಾ ಬ್ಲಾಂಚರ್ಡ್ ಅವರೊಂದಿಗೆ ಮದುವೆಯಾಯಿತು, ಮೂವರು ಗಂಡುಮಕ್ಕಳಾದರು. ಆದರೆ ಸಂಶೋಧನೆಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಿರಲಿಲ್ಲ. ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ಆಗ ಅವರು ಪಠ್ಯಪುಸ್ತಕ ಬರೆಯುವುದನ್ನು ಬದಿಗಿಟ್ಟು ಎರಡು ಕಷ್ಟದ ಪ್ರಶ್ನೆಗಳನ್ನು ಕೈಗೆತ್ತಿಕೊಂಡರು. ಒಂದು ಎಲೆಕ್ಟ್ರಾನಿನ ವಿದ್ಯುದಂಶ ಎಷ್ಟು ಎಂಬುದು, ಇನ್ನೊಂದು ಬೆಳಕು ಲೋಹದಿಂದ ಎಲೆಕ್ಟ್ರಾನನ್ನು ಹೇಗೆ ಹೊರಗೆಳೆಯುತ್ತದೆ ಎಂಬುದು.

ಮೊದಲನೆಯದು ಎಣ್ಣೆ ಹನಿಯ ಪ್ರಯೋಗ. ಅತ್ತರು ಸಿಂಪಡಿಸುವ ಬುಗ್ಗೆಯಂಥ ಉಪಕರಣದಿಂದ ಎಣ್ಣೆಯ ಸೂಕ್ಷ್ಮ ಹನಿಗಳನ್ನು ಎರಡು ಲೋಹದ ತಟ್ಟೆಗಳ ನಡುವೆ ಬಿಡುವುದು, ತಟ್ಟೆಗಳಿಗೆ ಸಾವಿರಾರು ವೋಲ್ಟ್ ಕೊಟ್ಟು ಬೀಳುವ ಹನಿಯನ್ನು ಮೇಲಕ್ಕೆತ್ತುವುದು, ದೂರದರ್ಶಕದಲ್ಲಿ ನೋಡುತ್ತ ಅದು ಏರಿಳಿಯುವ ಸಮಯವನ್ನು ಅಳೆಯುವುದು. ಮೊದಲು ನೀರಿನ ಹನಿ ಬಳಸಿದ್ದರು. ಅದು ಬೇಗ ಆವಿಯಾಗಿ ಹೋಗುತ್ತಿದ್ದುದರಿಂದ 1909ರಲ್ಲಿ ಎಣ್ಣೆಗೆ ಬದಲಾಯಿಸಿದರು. ಹನಿಯ ಮೇಲಿನ ವಿದ್ಯುದಂಶ ಯಾವಾಗಲೂ ಒಂದೇ ಮೂಲ ಅಳತೆಯ ಒಂದು ಪಟ್ಟು, ಎರಡು ಪಟ್ಟು, ಮೂರು ಪಟ್ಟು ಹೀಗೆ ಪೂರ್ಣಾಂಕಗಳಲ್ಲಿ ಬರುವುದನ್ನು ತೋರಿಸಿದರು. 1913ರಲ್ಲಿ ಅವರು ಕೊಟ್ಟ ಬೆಲೆ ಇಂದಿನ ಬೆಲೆಗಿಂತ ಶೇಕಡಾ ಒಂದಕ್ಕೂ ಕಡಿಮೆ ವ್ಯತ್ಯಾಸದಲ್ಲಿದೆ.

ಎರಡನೆಯ ಪ್ರಶ್ನೆಯೇ ನನ್ನ ಮನಸ್ಸನ್ನು ಹಿಡಿದದ್ದು. ವಿಜ್ಞಾನ ವಿಭಾಗದಲ್ಲಿಲ್ಲದ ಸ್ನೇಹಿತರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಕೆಲವು ಲೋಹಗಳ ಮೇಲೆ ಬೆಳಕು ಬಿದ್ದರೆ ಅವುಗಳಿಂದ ಎಲೆಕ್ಟ್ರಾನುಗಳು ಹೊರಚಿಮ್ಮುತ್ತವೆ. ಹರ್ಟ್ಸ್ ಇದರ ಸುಳಿವನ್ನು 1887ರಲ್ಲಿ ಕಂಡರು. ಹೀಗೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಕೊಡುವ ಮೇಲ್ಮೈಗೆ ಫೋಟೋಕ್ಯಾಥೋಡ್ ಎಂದು ಹೆಸರು. ಬೆಳಕನ್ನು ಹೆಚ್ಚು ಪ್ರಖರ ಮಾಡಿದರೆ ಹೆಚ್ಚು ಎಲೆಕ್ಟ್ರಾನುಗಳು ಬರುತ್ತವೆ, ಆದರೆ ಒಂದೊಂದರ ವೇಗ ಹೆಚ್ಚುವುದಿಲ್ಲ ಎಂದು 1902ರಲ್ಲಿ ಲೆನಾರ್ಡ್ ತೋರಿಸಿದರು. ಬೆಳಕು ಅಲೆಯೆಂದು ನಂಬಿದವರಿಗೆ ಇದು ಒಗಟಾಯಿತು. 1905ರಲ್ಲಿ ಐನ್‌ಸ್ಟೈನ್ ಒಂದು ಉತ್ತರ ಕೊಟ್ಟರು. ಬೆಳಕಿನ ಶಕ್ತಿ ಸಣ್ಣ ಸಣ್ಣ ಗಂಟುಗಳಾಗಿ ಬರುತ್ತದೆ, ಒಂದು ಗಂಟಿನ ಶಕ್ತಿ ಬೆಳಕಿನ ಆವೃತ್ತಿಯನ್ನು ಅವಲಂಬಿಸಿದೆ, ಅದರಲ್ಲಿ ಸ್ವಲ್ಪ ಭಾಗ ಎಲೆಕ್ಟ್ರಾನನ್ನು ಲೋಹದಿಂದ ಬಿಡಿಸಲು ಖರ್ಚಾಗುತ್ತದೆ, ಉಳಿದದ್ದು ಎಲೆಕ್ಟ್ರಾನಿನ ಚಲನೆಗೆ ಸಿಗುತ್ತದೆ. ಹಾಗಿದ್ದರೆ ಆವೃತ್ತಿ ಮತ್ತು ಎಲೆಕ್ಟ್ರಾನಿನ ಗರಿಷ್ಠ ಶಕ್ತಿಯ ಗ್ರಾಫ್ ಒಂದು ಸರಳ ರೇಖೆಯಾಗಬೇಕು. ಆ ರೇಖೆಯ ಇಳಿಜಾರು ಎಲ್ಲ ಲೋಹಗಳಿಗೂ ಒಂದೇ ಆಗಿರಬೇಕು, ಅದು ಪ್ಲ್ಯಾಂಕ್ ಸ್ಥಿರಾಂಕವನ್ನು ಕೊಡಬೇಕು.

ಮಿಲಿಕನ್ನರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಅವರು ಕೆಲಸ ಮಾಡುತ್ತಿದ್ದುದು ಮೈಕೆಲ್ಸನ್ನರ ಜೊತೆ, ಬೆಳಕಿನ ಅಲೆಗಳನ್ನೇ ಬಳಸಿ ಅತಿ ಸೂಕ್ಷ್ಮ ಅಳತೆ ಮಾಡುತ್ತಿದ್ದವರ ಜೊತೆ. ಬೆಳಕು ಅಲೆಯೆಂಬುದಕ್ಕೆ ನೂರು ವರ್ಷಗಳ ಪುರಾವೆಯಿತ್ತು. ಅದನ್ನೆಲ್ಲ ಬಿಟ್ಟು ಗಂಟುಗಳ ಮಾತಾಡುವುದು ಅವರಿಗೆ ದುಡುಕಾಗಿ ಕಂಡಿತು. ಅಳೆದು ನೋಡಿದರೆ ಸಮೀಕರಣ ಬಿದ್ದುಹೋಗುತ್ತದೆಂದು ಎಣಿಸಿ ಕೆಲಸಕ್ಕಿಳಿದರು. ಅದು ಹೆಚ್ಚು ಕಡಿಮೆ ಹತ್ತು ವರ್ಷಗಳ ಕೆಲಸವಾಯಿತು.

ಇಷ್ಟು ವರ್ಷ ಏಕೆ ಬೇಕಾಯಿತು? ಉತ್ತರ ನಮ್ಮ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲೇ ಇದೆ. ಸೋಡಿಯಂ ಲೋಹವನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿ ಇಟ್ಟಿರುತ್ತಾರೆ. ಹೊರತೆಗೆದು ಚಾಕುವಿನಿಂದ ಕೊಯ್ದರೆ ಬೆಣ್ಣೆಯಂತೆ ಕೊಯ್ಯುತ್ತದೆ, ಕೊಯ್ದ ಮುಖ ಬೆಳ್ಳಿಯಂತೆ ಹೊಳೆಯುತ್ತದೆ. ನಾವು ನೋಡುತ್ತಿದ್ದಂತೆಯೇ ಮಂಕಾಗಿಬಿಡುತ್ತದೆ, ಗಾಳಿಯ ಆಮ್ಲಜನಕ ಮತ್ತು ತೇವಾಂಶ ಅದನ್ನು ತಿಂದಿರುತ್ತವೆ. ಕಣ್ಣಿಗೆ ಕಾಣುವ ಬೆಳಕಿಗೂ ಎಲೆಕ್ಟ್ರಾನ್ ಕೊಡುವ ಲೋಹಗಳೆಂದರೆ ಇಂಥವೇ, ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ. ಅಂದರೆ ಪ್ರಯೋಗಕ್ಕೆ ಬೇಕಾದ ಲೋಹವೇ ಗಾಳಿಯನ್ನು ತಾಳಲಾರದ ಲೋಹ. ಮೇಲ್ಮೈ ಸ್ವಲ್ಪ ಕೊಳೆಯಾದರೂ ಅಂಕಿಗಳು ಬದಲಾಗುತ್ತವೆ. ಹಿಂದಿನ ಪ್ರಯೋಗಕಾರರ ಫಲಿತಾಂಶಗಳು ಒಂದಕ್ಕೊಂದು ಹೊಂದದಿರಲು ಇದೊಂದು ದೊಡ್ಡ ಕಾರಣ.

ಗಾಳಿ ಇಲ್ಲದ ಕಡೆಯಲ್ಲಿ ಲೋಹವನ್ನು ಕೊಯ್ಯಬೇಕು, ಆದರೆ ಗಾಳಿ ಇಲ್ಲದ ಕಡೆ ಮನುಷ್ಯನ ಕೈ ಹೋಗದು. ಮಿಲಿಕನ್ ಮತ್ತು ಅವರ ಮೆಕ್ಯಾನಿಕ್‌ಗಳು ಇದಕ್ಕೆ ಕಂಡ ದಾರಿ ನನಗೆ ಆಶ್ಚರ್ಯ ತಂದಿತು. ಒಂದು ದೊಡ್ಡ ಗಾಜಿನ ಬುರುಡೆ. ಅದರೊಳಗೆ ತಿರುಗುವ ಚಕ್ರ. ಚಕ್ರದ ಮೇಲೆ ಕ್ಷಾರ ಲೋಹಗಳ ಮೂರು ಗಟ್ಟಿಗಳು. ಎದುರಿಗೆ ಒಂದು ಚಾಕು. ಎಲ್ಲವನ್ನೂ ಒಳಗಿಟ್ಟು ಬುರುಡೆಯನ್ನು ಮುಚ್ಚಿ, ಪಂಪಿನಿಂದ ಗಾಳಿಯನ್ನು ತೆಗೆದುಬಿಡುವುದು. ಆಮೇಲೆ ಬುರುಡೆಯ ಹೊರಗೆ ವಿದ್ಯುತ್ಕಾಂತ ಹಿಡಿದು ಒಳಗಿನ ಚಕ್ರವನ್ನು ತಿರುಗಿಸುವುದು, ಇನ್ನೊಂದು ವಿದ್ಯುತ್ಕಾಂತದಿಂದ ಚಾಕುವನ್ನು ಮುಂದೆ ಸರಿಸಿ ತಿರುಗಿಸಿ ಲೋಹದ ಮುಖದಿಂದ ತೆಳುವಾದ ಪದರವನ್ನು ಕೆರೆದು ತೆಗೆಯುವುದು. ತಾಜಾ ಮುಖ ಸಿದ್ಧವಾದ ಕೂಡಲೇ ಚಕ್ರವನ್ನು ತಿರುಗಿಸಿ ಅದನ್ನು ಬೆಳಕಿನ ಕಿಟಕಿಯೆದುರು ನಿಲ್ಲಿಸುವುದು. ನಿರ್ವಾತದೊಳಗೆ ಕಟ್ಟಿದ ಯಂತ್ರ ಕಾರ್ಯಾಗಾರ ಎಂದೇ ಅದು ಹೆಸರಾಯಿತು. ಫೋಟೋಕ್ಯಾಥೋಡನ್ನು ಗಾಳಿ ಸೋಕದಂತೆ ಮುಚ್ಚಿದ ಪಾತ್ರೆಯೊಳಗೇ ತಯಾರಿಸಿ, ಅಲ್ಲೇ ಬಳಸಿ, ಅಲ್ಲೇ ಅಳೆಯುವ ವ್ಯವಸ್ಥೆ ಅದು.

ಅಷ್ಟಕ್ಕೇ ಮುಗಿಯಲಿಲ್ಲ. ಎಲೆಕ್ಟ್ರಾನುಗಳನ್ನು ಹಿಡಿಯುವ ಲೋಹದ ಮೇಲೂ ಚದುರಿದ ಬೆಳಕು ಬಿದ್ದು ಅದೂ ಎಲೆಕ್ಟ್ರಾನ್ ಬಿಟ್ಟರೆ ಲೆಕ್ಕ ಕೆಡುತ್ತದೆ. ಅದಕ್ಕಾಗಿ ಆ ಬೆಳಕಿಗೆ ಸ್ಪಂದಿಸದ, ಆಕ್ಸೈಡ್ ಕಟ್ಟಿದ ತಾಮ್ರದ ಬಲೆಯನ್ನು ಬಳಸಿದರು. ಎರಡು ಬೇರೆ ಲೋಹಗಳು ಒಂದೇ ಮಂಡಲದಲ್ಲಿದ್ದರೆ ಅವುಗಳ ನಡುವೆ ತಾನಾಗಿಯೇ ಒಂದು ವಿಭವಾಂತರ ಉಂಟಾಗುತ್ತದೆ, ಅದು ನಾವು ಅಳೆಯುವ ಅಂಕಿಯೊಳಗೆ ಕಳ್ಳನಂತೆ ಸೇರಿಕೊಳ್ಳುತ್ತದೆ. ಅದನ್ನೂ ಅದೇ ಬುರುಡೆಯೊಳಗೆ, ಅದೇ ತಾಜಾ ಮುಖವನ್ನು ಒಂದು ತಾಮ್ರದ ತಟ್ಟೆಯೆದುರು ತಂದು ಅಳೆದು ಲೆಕ್ಕಕ್ಕೆ ಸೇರಿಸಿದರು. ಬೆಳಕಿಗೆ ಪಾದರಸದ ದೀಪ. ಅದರ ಒಂದೊಂದೇ ಬಣ್ಣವನ್ನು, ಹಸಿರಿನಿಂದ ಅತಿನೇರಳೆಯವರೆಗೆ, ಬೇರ್ಪಡಿಸಿ ಲೋಹದ ಮೇಲೆ ಬಿಟ್ಟರು. ಎದುರು ವೋಲ್ಟೇಜನ್ನು ಹೆಚ್ಚಿಸುತ್ತ ಹೋಗಿ ಅತಿ ವೇಗದ ಎಲೆಕ್ಟ್ರಾನೂ ನಿಂತುಹೋಗುವ ಬೆಲೆಯನ್ನು ಗುರುತಿಸಿದರು. ನಾವು ಸ್ಟಾಪಿಂಗ್ ಪೊಟೆನ್ಷಿಯಲ್ ಎನ್ನುವುದು ಇದನ್ನೇ.

ಬಿಂದುಗಳನ್ನು ಹಾಳೆಯ ಮೇಲೆ ಗುರುತಿಸಿದಾಗ ಅವು ಸರಳ ರೇಖೆಯ ಮೇಲೆ ಕೂತವು. ಐನ್‌ಸ್ಟೈನ್ ಹೇಳಿದಂತೆಯೇ! ಇಳಿಜಾರಿನಿಂದ ಪ್ಲ್ಯಾಂಕ್ ಸ್ಥಿರಾಂಕ ಸಿಗಬೇಕಾದರೆ ಎಲೆಕ್ಟ್ರಾನಿನ ವಿದ್ಯುದಂಶ ಗೊತ್ತಿರಬೇಕು, ಅದನ್ನು ಅವರೇ ಎಣ್ಣೆ ಹನಿಗಳಿಂದ ಅಳೆದಿದ್ದರು. 1916ರಲ್ಲಿ ಅವರು ಪ್ರಕಟಿಸಿದ ಬೆಲೆ, ನಮ್ಮ ಇಂದಿನ ಮಾನದಲ್ಲಿ ಹೇಳುವುದಾದರೆ, 6.57 × 10⁻³⁴ ಜೌಲ್ ಸೆಕೆಂಡ್. ನಮ್ಮ ಪಠ್ಯಪುಸ್ತಕದಲ್ಲಿರುವುದು 6.63 × 10⁻³⁴.

ಇಲ್ಲಿ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಅವರಿಗೆ ಒಂದು ಬಿಂದುವನ್ನು ಸರಿಸಬೇಕೆಂದು ಅನ್ನಿಸಿರಲಿಕ್ಕಿಲ್ಲವೇ? ರೇಖೆ ಸ್ವಲ್ಪ ಬಾಗಿದ್ದರೆ ಅವರ ನಂಬಿಕೆಯೇ ಗೆಲ್ಲುತ್ತಿತ್ತು. ಆ ಬುರುಡೆಯೊಳಗೆ ಏನಾಗಿತ್ತೆಂದು ಬೇರೆ ಯಾರೂ ಸುಲಭವಾಗಿ ನೋಡುವಂತಿರಲಿಲ್ಲ, ಅಂಥ ಉಪಕರಣ ಬೇರೆಯವರಲ್ಲಿ ಇರಲೂ ಇಲ್ಲ. ಆದರೂ ಬಂದ ಅಂಕಿಯನ್ನೇ ಬರೆದರು. ನಾನು ಗೆಲ್ಲುವ ರೇಖೆಗಾಗಿ ಬಿಂದು ಸರಿಸಿದ್ದೆ, ಅವರು ಸೋಲುವ ರೇಖೆಯನ್ನು ಇದ್ದಂತೆಯೇ ಅಚ್ಚುಹಾಕಿಸಿದರು.

ಸಮೀಕರಣ ಸರಿಯೆಂದು ಒಪ್ಪಿದರೂ, ಅದರ ಹಿಂದಿನ ಬೆಳಕಿನ ಗಂಟುಗಳ ಕಲ್ಪನೆಯನ್ನು ಅವರು ಅದೇ 1916ರ ಲೇಖನದಲ್ಲಿ ಒಪ್ಪಲಿಲ್ಲ. ಅದು ನಿಲ್ಲಲಾರದ ಸಿದ್ಧಾಂತವೆಂದೇ ಅವರ ಅಭಿಪ್ರಾಯವಾಗಿತ್ತು. ಎಲ್ಲರ ಮನಸ್ಸು ತಿರುಗಿದ್ದು 1923ರ ಕಾಂಪ್ಟನ್ ಪ್ರಯೋಗದ ನಂತರ. ಐನ್‌ಸ್ಟೈನರಿಗೆ 1921ರ ನೊಬೆಲ್ ಬಹುಮಾನ ಬಂದದ್ದು ದ್ಯುತಿವಿದ್ಯುತ್ ಪರಿಣಾಮದ ನಿಯಮಕ್ಕಾಗಿ. ಆ ನಿಯಮವನ್ನು ನಂಬುವಂತೆ ಮಾಡಿದ ಮಿಲಿಕನ್ನರಿಗೆ 1923ರ ನೊಬೆಲ್ ಬಂತು, ಎಲೆಕ್ಟ್ರಾನಿನ ವಿದ್ಯುದಂಶ ಮತ್ತು ದ್ಯುತಿವಿದ್ಯುತ್ ಪರಿಣಾಮ ಎರಡೂ ಕೆಲಸಗಳಿಗೆ.

ಅಷ್ಟರಲ್ಲಿ ಅವರು ಚಿಕಾಗೋ ಬಿಟ್ಟಿದ್ದರು. 1921ರಲ್ಲಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿರುವ ಕ್ಯಾಲ್‌ಟೆಕ್ ಸಂಸ್ಥೆಗೆ ಹೋಗಿ, 1945ರವರೆಗೆ ಅದನ್ನು ಮುನ್ನಡೆಸಿದರು. ಸಣ್ಣ ಸಂಸ್ಥೆಯೊಂದು ಜಗತ್ಪ್ರಸಿದ್ಧವಾದದ್ದು ಅವರ ಕಾಲದಲ್ಲೇ. ಆಕಾಶದಿಂದ ಬರುವ ಒಂದು ಬಗೆಯ ವಿಕಿರಣಕ್ಕೆ ಕಾಸ್ಮಿಕ್ ಕಿರಣ ಎಂದು ಹೆಸರಿಟ್ಟವರೂ ಅವರೇ. ಅದು ಅತಿ ಶಕ್ತಿಯ ಬೆಳಕು ಎಂದು ಅವರು ವಾದಿಸಿದರು, ವಿದ್ಯುದಂಶವುಳ್ಳ ಕಣಗಳೆಂದು ಕಾಂಪ್ಟನ್ ವಾದಿಸಿದರು. ಈ ಸಲ ಮಿಲಿಕನ್ನರದು ತಪ್ಪಾಗಿತ್ತು. ಆ ಅಧ್ಯಯನದ ಮುಂದುವರಿಕೆಯಾಗಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ನೆಹರ್ ಮತ್ತು ಪಿಕರಿಂಗ್ ಎಂಬ ಸಹೋದ್ಯೋಗಿಗಳೊಂದಿಗೆ ಭಾರತಕ್ಕೆ ಬಂದರು. 1939-40ರ ಚಳಿಗಾಲದಲ್ಲಿ ಪೇಶಾವರ, ಆಗ್ರಾ ಮತ್ತು ನಮ್ಮ ಬೆಂಗಳೂರಿನಿಂದ ಉಪಕರಣ ಕಟ್ಟಿದ ಬಲೂನುಗಳನ್ನು ಆಕಾಶಕ್ಕೆ ಬಿಟ್ಟರು. ಬೆಂಗಳೂರನ್ನು ಆರಿಸಿದ್ದಕ್ಕೆ ಕಾರಣ ಅದು ಭೂಮಿಯ ಕಾಂತೀಯ ಸಮಭಾಜಕಕ್ಕೆ ಹತ್ತಿರವಿರುವುದು. ಪಠ್ಯಪುಸ್ತಕದ ಈ ಹೆಸರು ನಮ್ಮ ರಾಜ್ಯದ ನೆಲದ ಮೇಲೆ ನಡೆದಾಡಿತ್ತು ಎಂದು ತಿಳಿದಾಗ ನನಗೆ ತುಂಬ ಖುಷಿಯಾಯಿತು.

ಮಿಲಿಕನ್ ದೈವಭಕ್ತರಾಗಿದ್ದರು. ವಿಜ್ಞಾನ ಮತ್ತು ಧರ್ಮ ಒಂದನ್ನೊಂದು ಕೊಲ್ಲಬೇಕಾಗಿಲ್ಲ ಎಂದು ಪುಸ್ತಕಗಳನ್ನೇ ಬರೆದರು, ಭಾಷಣ ಮಾಡಿದರು. 1953ರ ಡಿಸೆಂಬರ್ 19ರಂದು, 85ನೆಯ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಚೆಂದ ಕಾಣುತ್ತದೆ. ಆದರೆ ಅದು ನಾನು ಮತ್ತೊಮ್ಮೆ ಬಿಂದುವನ್ನು ರೇಖೆಯ ಮೇಲೆ ಸರಿಸಿದಂತೆಯೇ ಆಗುತ್ತದೆ. ರೇಖೆಯ ಹೊರಗಿನ ಬಿಂದುಗಳೂ ಅವರ ಬದುಕಿನಲ್ಲಿವೆ.

ಎಣ್ಣೆ ಹನಿಯ ಪ್ರಯೋಗದಲ್ಲಿ ಹಾರ್ವೆ ಫ್ಲೆಚರ್ ಎಂಬ ವಿದ್ಯಾರ್ಥಿಯ ದುಡಿಮೆ ಬಹಳವಿತ್ತು. ಮುಖ್ಯ ಲೇಖನದ ಮೇಲೆ ಮಿಲಿಕನ್ನರ ಹೆಸರು ಮಾತ್ರ ಬಂತು, ಅದಕ್ಕೆ ಪ್ರತಿಯಾಗಿ ಇನ್ನೊಂದು ಲೇಖನದ ಮೇಲೆ ಫ್ಲೆಚರ್ ಹೆಸರು ಮಾತ್ರ. ಫ್ಲೆಚರ್ ಬದುಕಿರುವವರೆಗೂ ಇದನ್ನು ದೂರಾಗಿ ಹೇಳಿಕೊಳ್ಳಲಿಲ್ಲ, ಅವರ ಬರಹ ಹೊರಬಂದದ್ದು ಅವರು ತೀರಿಕೊಂಡ ಮೇಲೆ. 1913ರ ಲೇಖನದಲ್ಲಿ 58 ಹನಿಗಳ ಲೆಕ್ಕವಿದೆ, ಅರವತ್ತು ದಿನಗಳಲ್ಲಿ ನೋಡಿದ ಎಲ್ಲ ಹನಿಗಳೂ ಇವೇ ಎಂಬ ಅರ್ಥದ ಮಾತಿದೆ. ನಂತರ ಇತಿಹಾಸಕಾರರು ಅವರ ಟಿಪ್ಪಣಿ ಪುಸ್ತಕ ತೆರೆದಾಗ ಬಿಟ್ಟುಹೋದ ಹನಿಗಳೂ ಕಂಡವು. ಅವನ್ನು ಸೇರಿಸಿದರೂ ಉತ್ತರ ಹೆಚ್ಚು ಬದಲಾಗುವುದಿಲ್ಲ, ಆದರೆ ಆ ಮಾತು ನಿಜವಾಗಿರಲಿಲ್ಲ. 1950ರಲ್ಲಿ ಬಂದ ಆತ್ಮಕಥೆಯಲ್ಲಿ ಅವರು ತಮ್ಮ ದ್ಯುತಿವಿದ್ಯುತ್ ಪ್ರಯೋಗ ಮೊದಲಿನಿಂದಲೇ ಐನ್‌ಸ್ಟೈನರ ಬೆಳಕಿನ ಗಂಟುಗಳನ್ನು ಬೆಂಬಲಿಸಿತು ಎಂಬಂತೆ ಬರೆದರು. ತಾವು ಹೊತ್ತಿದ್ದ ಸಂಶಯವನ್ನು ಮರೆತೇಬಿಟ್ಟಿದ್ದರು.

ಇವೆಲ್ಲಕ್ಕಿಂತ ಭಾರವಾದದ್ದು ಇನ್ನೊಂದು. ದುರ್ಬಲರೆಂದು ತಾವು ಭಾವಿಸಿದವರಿಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ಪ್ರಚಾರ ಮಾಡುತ್ತಿದ್ದ ಸಂಸ್ಥೆಯೊಂದು ಪಸಡೀನಾದಲ್ಲಿತ್ತು. ಮಿಲಿಕನ್ ಅದರ ಆಡಳಿತ ಮಂಡಳಿಯಲ್ಲಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಕಾನೂನಿನ ಹೆಸರಿನಲ್ಲೇ ಸಾವಿರಾರು ಜನರಿಗೆ ಈ ಅನ್ಯಾಯ ನಡೆಯಿತು. ಈ ಕಾರಣದಿಂದ 2021ರಲ್ಲಿ ಕ್ಯಾಲ್‌ಟೆಕ್ ತನ್ನ ಕಟ್ಟಡಕ್ಕಿದ್ದ ಅವರ ಹೆಸರನ್ನು ತೆಗೆಯಲು ತೀರ್ಮಾನಿಸಿತು. ಎಲ್ಲ ಮನುಷ್ಯರೂ ಒಬ್ಬನೇ ಸೃಷ್ಟಿಕರ್ತನ ಸೃಷ್ಟಿ, ಒಬ್ಬನಿಗಿಂತ ಒಬ್ಬ ಹುಟ್ಟಿನಿಂದ ಮೇಲಲ್ಲ ಎಂದು ಮನೆಯಲ್ಲೂ ಮದ್ರಸಾದಲ್ಲೂ ಕಲಿತ ನನಗೆ ಇದನ್ನು ಓದಿ ಬೇಸರವಾಯಿತು. ಲೋಹದ ಮೇಲಿನ ಕೊಳೆಯನ್ನು ಅಷ್ಟು ಎಚ್ಚರದಿಂದ ಕೆರೆದು ತೆಗೆದವರು ತಮ್ಮ ಮನಸ್ಸಿನೊಳಗಿನ ಈ ನಂಬಿಕೆಯನ್ನು ಯಾವ ಪರೀಕ್ಷೆಗೂ ಒಡ್ಡಲಿಲ್ಲ.

ನಮ್ಮ ವಾರ್ತಾಪತ್ರದಲ್ಲಿ ಇಬ್ನುಲ್ ಹೈಸಮ್ ಬಗ್ಗೆ ಓದದವರು ಕಡಿಮೆ. ಬಸ್ರಾದಲ್ಲಿ ಹುಟ್ಟಿ ಸಾವಿರ ವರ್ಷಗಳ ಹಿಂದೆ ಬೆಳಕಿನ ಬಗ್ಗೆ ಕಿತಾಬುಲ್ ಮನಾಝಿರ್ ಬರೆದ ಆ ಮಹನೀಯರು, ಸತ್ಯ ಹುಡುಕುವವನು ಹಿಂದಿನವರ ಮಾತನ್ನು ಮಾತ್ರವಲ್ಲ, ತನ್ನನ್ನೂ ಸಂಶಯದಿಂದ ನೋಡಬೇಕೆಂದು ಕಲಿಸಿದವರು. ಮಿಲಿಕನ್ ಈ ಪಾಠವನ್ನು ಗಾಜಿನ ಬುರುಡೆಯ ಮುಂದೆ ಪಾಲಿಸಿದರು, ಬೇರೆ ಕೆಲವು ಕಡೆ ಪಾಲಿಸಲಿಲ್ಲ. ಎರಡನ್ನೂ ತಿಳಿದಿರುವುದು ಒಳ್ಳೆಯದು ಎಂದು ನನ್ನ ಅನಿಸಿಕೆ.

ಆ ಬುರುಡೆ ಏನಾಯಿತು ಎಂದು ಕೇಳಬಹುದು. ಅದು ಮಾಡಿದ ಕೆಲಸ ಇಂದಿಗೂ ನಡೆಯುತ್ತಿದೆ, ಇನ್ನೂ ಚೆನ್ನಾಗಿ ನಡೆಯುತ್ತಿದೆ. ರಾತ್ರಿ ನೋಡುವ ದುರ್ಬೀನು, ಮಸುಕಾದ ನಕ್ಷತ್ರಗಳ ಚಿತ್ರ ತೆಗೆಯುವ ಉಪಕರಣ, ಇವುಗಳ ಒಳಗೆ ಫೋಟೋಕ್ಯಾಥೋಡ್ ಇರುತ್ತದೆ. ಇಂಥವನ್ನು ತಯಾರಿಸುವ ಸ್ಥಳಗಳಲ್ಲಿ ಈಗ ಗಾಜಿನ ಬುರುಡೆಯ ಬದಲು ಉಕ್ಕಿನ ನಿರ್ವಾತ ಕೋಣೆಗಳಿವೆ. ಅವುಗಳೊಳಗೆ ಸೀಸಿಯಂ, ಪೊಟ್ಯಾಸಿಯಂ, ಆಂಟಿಮನಿಯಂಥ ಮೂಲವಸ್ತುಗಳ ಆವಿಯನ್ನು ಗಾಜಿನ ಕಿಟಕಿಯ ಮೇಲೆ ಅತಿ ತೆಳುವಾದ ಪದರವಾಗಿ ಕೂರಿಸುತ್ತಾರೆ. ಪದರ ಬೆಳೆಯುತ್ತಿರುವಾಗಲೇ ಅದರ ಮೇಲೆ ಬೆಳಕು ಬಿಟ್ಟು ಎಷ್ಟು ಎಲೆಕ್ಟ್ರಾನ್ ಬರುತ್ತಿದೆಯೆಂದು ಅಳೆಯುತ್ತಾರೆ.

ಕಿಟಕಿಯ ಹಿಂದೆ ಮೈಕ್ರೋಚಾನೆಲ್ ಪ್ಲೇಟ್ ಎಂಬ ತೆಳುವಾದ ಗಾಜಿನ ಬಿಲ್ಲೆಯನ್ನಿಡುತ್ತಾರೆ. ಜೇನುಗೂಡಿನಂತೆ ಅದರ ತುಂಬ ಲಕ್ಷಾಂತರ ರಂಧ್ರಗಳು, ಒಂದೊಂದರ ಅಗಲ ಸುಮಾರು 10 ಮೈಕ್ರೋಮೀಟರ್, ಅಂದರೆ ನಮ್ಮ ತಲೆಗೂದಲಿಗಿಂತ ಎಷ್ಟೋ ಸಣ್ಣದು. ಬಿಲ್ಲೆಯ ಎರಡು ಬದಿಗೆ ಸಾವಿರದಷ್ಟು ವೋಲ್ಟ್ ಕೊಟ್ಟರೆ, ರಂಧ್ರದೊಳಗೆ ನುಗ್ಗಿದ ಒಂದು ಎಲೆಕ್ಟ್ರಾನ್ ಗೋಡೆಗೆ ಬಡಿದು ಹಲವನ್ನು ಬಿಡಿಸುತ್ತದೆ, ಅವು ಮತ್ತೆ ಬಡಿದು ಇನ್ನೂ ಹಲವನ್ನು. ಒಂದು ಸಾವಿರಾರು ಆಗಿ ಹೊರಬರುತ್ತದೆ. ಎರಡು ಬಿಲ್ಲೆ ಜೋಡಿಸಿದರೆ ಹತ್ತು ಲಕ್ಷದವರೆಗೂ ಹೋಗುತ್ತದೆ. ಹೀಗೆ ಬೆಳಕಿನ ಒಂದೇ ಒಂದು ಗಂಟು ಎಲ್ಲಿ ಬಿತ್ತೆಂದು ಗುರುತಿಸಬಹುದು. ಎಲ್ಲ ಸಿದ್ಧವಾದ ಮೇಲೆ, ನಿರ್ವಾತವನ್ನು ಕೆಡಿಸದೆ ಒಳಗೇ ಕಿಟಕಿಯನ್ನು ಕೊಳವೆಯ ಬಾಯಿಗೆ ತಂದು, ಇಂಡಿಯಂ ಎಂಬ ಮೆತ್ತನೆಯ ಲೋಹದ ಮೇಲೆ ಒತ್ತಿ ಮುಚ್ಚುತ್ತಾರೆ. ಒಮ್ಮೆ ಮುಚ್ಚಿದ ಮೇಲೆ ಸೂಜಿಮೊನೆಯಷ್ಟು ಗಾಳಿ ಸೋರಿದರೂ ಪದರ ಸಾಯುತ್ತದೆ. ಮಿಲಿಕನ್ನರ ಸೋಡಿಯಂಗೆ ಇದ್ದ ಭಯವೇ ಇದಕ್ಕೂ ಇದೆ.

ಇಂಥ ಮುಚ್ಚಿದ ಕೊಳವೆಗಳು ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿವೆ. ಅದರ ಅತಿನೇರಳೆ ದೂರದರ್ಶಕವನ್ನು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯವರು ಬೆಂಗಳೂರಿನ ಹತ್ತಿರದ ಹೊಸಕೋಟೆಯ ಪ್ರಯೋಗಾಲಯದಲ್ಲಿ ಧೂಳಿಲ್ಲದ ಕೋಣೆಯಲ್ಲಿ ಜೋಡಿಸಿದರು. ಪತ್ತೆಕಾರಿಗಳಿಗೆ ಕೆನಡಾ ದೇಶದ ಸಹಕಾರವಿತ್ತು. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಉಪಗ್ರಹ ಮೇಲೇರಿತು. 930 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದರಿಂದ ಬಂದ ಅತಿನೇರಳೆ ಬೆಳಕನ್ನು ಅದು ಹಿಡಿದ ಸುದ್ದಿ 2020ರಲ್ಲಿ ಬಂತು. ಮಿಲಿಕನ್ ಒಪ್ಪದಿದ್ದ ಬೆಳಕಿನ ಗಂಟುಗಳನ್ನೇ ಆ ಉಪಕರಣ ಒಂದೊಂದಾಗಿ ಎಣಿಸುತ್ತದೆ.

ಬೆಳಗಿನ ಅಸೆಂಬ್ಲಿಯಲ್ಲಿ ನಮ್ಮ ಜ್ಞಾನ ಹೆಚ್ಚಲೆಂದು ದುಆ ಮಾಡುತ್ತೇವೆ. ನಮ್ಮ ಕೈಗೆ ಬಂದ ಒಂದು ರೀಡಿಂಗ್ ಕೂಡ ಅಮಾನತ್ತು ಎಂದು ನನಗೆ ಈಗ ಅನ್ನಿಸುತ್ತದೆ. ಅದನ್ನು ಬಂದಂತೆ ಒಪ್ಪಿಸಬೇಕು, ನಮಗೆ ಬೇಕಾದಂತೆ ಅಲ್ಲ.

ನಾನು ಓಮ್ ನಿಯಮದ ಪ್ರಯೋಗವನ್ನು ಮತ್ತೆ ಮಾಡಿದೆ. ಆರನೆಯ ಬಿಂದು ಈ ಸಲವೂ ರೇಖೆಯಿಂದ ಹೊರಗೇ ಬಂತು. ಈ ಸಲ ಅದನ್ನು ಬಿಟ್ಟುಬಿಟ್ಟು ತಂತಿಯನ್ನು ಮುಟ್ಟಿ ನೋಡಿದೆ. ಬಿಸಿಯಾಗಿತ್ತು. ಹೆಚ್ಚಿನ ವಿದ್ಯುತ್ ಹರಿಯುವಾಗ ಕೀಲಿಯನ್ನು ಬಹಳ ಹೊತ್ತು ಮುಚ್ಚಿಟ್ಟಿದ್ದರಿಂದ ತಂತಿ ಕಾದು ಅದರ ರೋಧ ಹೆಚ್ಚಿತ್ತು. ಹತ್ತು ನಿಮಿಷ ಕಾದು, ತಣ್ಣಗಾದ ಮೇಲೆ ಕೀಲಿಯನ್ನು ಕ್ಷಣಕಾಲ ಮಾತ್ರ ಮುಚ್ಚಿ ಓದಿದಾಗ ಬಿಂದು ರೇಖೆಯ ಹತ್ತಿರ ಬಂತು. ರೆಕಾರ್ಡಿನಲ್ಲಿ ಎರಡು ರೀಡಿಂಗನ್ನೂ ಬರೆದು, ಕೆಳಗೆ ಕಾರಣವನ್ನೂ ಬರೆದೆ. ಉಪನ್ಯಾಸಕರು ಸಹಿ ಹಾಕಿದರು.